ನಾಳಂದೆಯಲ್ಲಿ ಇತ್ಸಿಂಗನ ಊಟ, ತಿರುಗಾಟ

ಓದಲೆಂದು ಪರದೇಶಕ್ಕೆ ಹೋದ ಹುಡುಗ ಮನೆಗೆ ಬರೆಯುವ ಕಾಗದದಲ್ಲಿ ಪಾಠದ ಸಮಾಚಾರ ಎರಡು ಸಾಲು, ಊಟದ ಸಮಾಚಾರ ಎರಡು ಪುಟ. ತಾಯಂದಿರಿಗೆ ಇದು ತಿಳಿದ ಸಂಗತಿಯೇ. ನಮ್ಮ ನಾಳಂದೆಯಲ್ಲಿ ಓದಿದ ಚೀನದ ವಿದ್ಯಾರ್ಥಿಯೊಬ್ಬ ಸಾವಿರದ ಮುನ್ನೂರು ವರ್ಷಗಳ ಹಿಂದೆ ತನ್ನವರಿಗೆ ಬರೆದು ಕಳುಹಿಸಿದ ನಲವತ್ತು ಅಧ್ಯಾಯಗಳ ಗ್ರಂಥವೂ ಬಹುಮಟ್ಟಿಗೆ ಇಂಥದೇ. ಅವನ ಹೆಸರು ಇತ್ಸಿಂಗ್.

ಚೀನೀ ಯಾತ್ರಿಕನೆಂದೊಡನೆ ನಮಗೆ ನೆನಪಾಗುವವನು ಹ್ಯೂಯೆನ್ ತ್ಸಾಂಗ್. ಇಮ್ಮಡಿ ಪುಲಕೇಶಿಯ ಪರಾಕ್ರಮವನ್ನು ಬರೆದಿಟ್ಟವನೆಂದು ಕನ್ನಡಿಗರಿಗೆ ಅವನಲ್ಲಿ ಒಂದು ಬಗೆಯ ಮಮತೆಯೂ ಉಂಟು. ಆದರೆ ನಾಳಂದೆಯಲ್ಲಿ ಅವನಿಗೆ ರಾಜೋಪಚಾರ. ಮಗಧದಲ್ಲಿ ಮಾತ್ರ ಬೆಳೆಯುತ್ತಿದ್ದ ಮಹಾಶಾಲಿ ಎಂಬ ದಪ್ಪಕಾಳಿನ ಅಕ್ಕಿ, ಅಡಿಕೆ, ಕರ್ಪೂರ ದಿನವೂ ಅವನ ಕೋಣೆಗೆ ಬರುತ್ತಿದ್ದವಂತೆ. ಇತ್ಸಿಂಗನಾದರೋ ಸಾಮಾನ್ಯ ವಿದ್ಯಾರ್ಥಿ. ಪಂಕ್ತಿಯಲ್ಲಿ ಕುಳಿತು ಉಂಡವನು. ಆದುದರಿಂದಲೇ ಅವನ ಮಾತು ನನಗೆ ಹೆಚ್ಚು ಹಿಡಿಸುತ್ತದೆ.

ಹುಟ್ಟಿದ್ದು ೬೩೫ರಲ್ಲಿ. ೬೭೧ರಲ್ಲಿ ಕ್ಯಾಂಟನ್ನಿನಲ್ಲಿ ಪಾರಸೀಕರ ಹಡಗು ಹತ್ತಿ, ಇಪ್ಪತ್ತು ದಿನಗಳೊಳಗಾಗಿ ಸುಮಾತ್ರದ ಶ್ರೀವಿಜಯಕ್ಕೆ ಬಂದ. ಅಲ್ಲಿ ಆರು ತಿಂಗಳು ಸಂಸ್ಕೃತ ವ್ಯಾಕರಣ. ೬೭೩ರಲ್ಲಿ ವಂಗದೇಶದ ತಾಮ್ರಲಿಪ್ತಿ; ಅಲ್ಲೊಂದು ವರ್ಷ ಮತ್ತೆ ಸಂಸ್ಕೃತ. ಆಗ ಬಾದಾಮಿಯಲ್ಲಿ ಪುಲಕೇಶಿಯ ಮಗ ವಿಕ್ರಮಾದಿತ್ಯ ಆಳುತ್ತಿದ್ದ.

ಅಲ್ಲಿಂದ ಮಗಧಕ್ಕೆ ಕಾಲ್ನಡಿಗೆ. ಬುದ್ಧಗಯೆ ಹತ್ತು ದಿನಗಳ ದಾರಿ ಇರುವಾಗ ಇತ್ಸಿಂಗನಿಗೆ ಕಾಯಿಲೆಯಾಯಿತು. ಜೊತೆಗಾರರು ಮುಂದೆ ಹೋದರು. ಕೋಲೂರಿಕೊಂಡು ಒಬ್ಬನೇ ಏಗುತ್ತಿದ್ದವನನ್ನು ಬೆಟ್ಟದ ಕಣಿವೆಯಲ್ಲಿ ಕಳ್ಳರು ಅಡ್ಡಗಟ್ಟಿ, ಉಟ್ಟ ಬಟ್ಟೆಯನ್ನೂ ಬಿಡದೆ ಸುಲಿದುಕೊಂಡರು. ಬಿಳಿಯ ಮೈಯವನು ಸಿಕ್ಕಿದರೆ ದೇವರಿಗೆ ಬಲಿಕೊಡುತ್ತಾರೆಂಬ ಸುದ್ದಿ ಬೇರೆ ಅವನ ಕಿವಿಗೆ ಬಿದ್ದಿತ್ತು. ಪಾಪ, ಕೆಸರಿನ ಹೊಂಡಕ್ಕಿಳಿದು ಮೈಗೆಲ್ಲ ಕೆಸರು ಬಳಿದುಕೊಂಡು, ಎಲೆಗಳನ್ನು ಸುತ್ತಿಕೊಂಡು ನಡೆದ. ರಾತ್ರಿ ಹಳ್ಳಿಯೊಂದರ ಬಳಿ ತನ್ನನ್ನು ಕೂಗುತ್ತಿದ್ದ ಜೊತೆಗಾರನ ದನಿ ಅವನಿಗೆ ಕೇಳಿಸಿತು; ಆ ಜೊತೆಗಾರ ಬಟ್ಟೆ ಕೊಟ್ಟು ಕರೆದುಕೊಂಡ. ಹೀಗೆ ಬಂದವನು ನಾಳಂದೆಯಲ್ಲಿ ಸುಮಾರು ಹತ್ತು ವರ್ಷ ನಿಂತ.

ಅಲ್ಲಿ ದಿನಚರಿಯನ್ನು ನಡೆಸುತ್ತಿದ್ದುದು ನೀರಿನ ಗಡಿಯಾರ. ಅಡಿಯಲ್ಲಿ ಸೂಜಿಮೊನೆಯಷ್ಟು ರಂಧ್ರವಿದ್ದ ತಾಮ್ರದ ಬಟ್ಟಲು ನೀರಿನ ಮೇಲೆ ತೇಲಿ, ತುಂಬಿ ಮುಳುಗಿದಾಗ ನಗಾರಿ ಬಾರಿಸುವರು. ಮಧ್ಯಾಹ್ನದ ನಗಾರಿಯಾದ ಮೇಲೆ ಯಾರೂ ಉಣ್ಣುವಂತಿಲ್ಲ. ಉಂಡು ಸಿಕ್ಕಿಬಿದ್ದವನಿಗೆ ವಿಹಾರದಲ್ಲಿ ಜಾಗವಿಲ್ಲ. ಬೆಳಿಗ್ಗೆ ಗಂಟೆ ಬಾರಿಸಿದೊಡನೆ ಒಮ್ಮೆ ನೂರು, ಒಮ್ಮೆ ಸಾವಿರ ಭಿಕ್ಷುಗಳು ಸ್ನಾನದ ವಸ್ತ್ರ ಹಿಡಿದು ಸುತ್ತಲಿನ ಹತ್ತಕ್ಕೂ ಹೆಚ್ಚು ಕೊಳಗಳ ಕಡೆಗೆ ಚೆದರುವರು. ಹಸಿದ ಹೊಟ್ಟೆಯಲ್ಲಿ ಮಿಂದರೆ ಕಫ ಕರಗಿ ಊಟ ಮೈಗೆ ಹತ್ತುತ್ತದೆ ಎಂದು ಇತ್ಸಿಂಗನ ಟಿಪ್ಪಣಿ. ಉಂಡು ಮೀಯಬೇಡ ಎನ್ನುವ ನಮ್ಮ ಅಜ್ಜಿಯಂದಿರ ಮಾತೂ ಇದೇ ತಾನೆ!

ಇನ್ನು ಊಟ. ಸಗಣಿ ಸಾರಿಸಿದ ನೆಲ, ಹರಡಿದ ಹಸಿರೆಲೆ, ಏಳಂಗುಲ ಎತ್ತರದ, ಬೆತ್ತ ಹೆಣೆದ ಚಿಕ್ಕ ಮಣೆಗಳು, ಒಂದಕ್ಕೊಂದು ಮೊಳ ಅಂತರ. ಕೈಕಾಲು ತೊಳೆದು ಕುಳಿತವರಿಗೆ ಮೊದಲು ಎಲೆಯ ಮೇಲೆ ಹೆಬ್ಬೆರಳ ಗಾತ್ರದ ಶುಂಠಿ ಒಂದೆರಡು ತುಂಡು, ಜೊತೆಗೆ ಉಪ್ಪು. ಎಲೆಯ ತುದಿಗೆ ಮೊದಲು ಉಪ್ಪು ಬಡಿಸುವ ನಮ್ಮ ಮನೆಗಳವರಿಗೆ ಇದರಲ್ಲಿ ಹೊಸತೇನೂ ಕಾಣದು. ಆಮೇಲೆ ಅನ್ನ, ಬೇಳೆಯ ಕಟ್ಟು, ಬಿಸಿ ತುಪ್ಪ. ಬಲಗೈಯಲ್ಲಿ ಕಲಸಿ ಉಣ್ಣಬೇಕು. ಚೀನೀಯರು ಊಟಕ್ಕೆ ಬಳಸುವ ಕಡ್ಡಿಗಳ ಹೆಸರನ್ನೇ ಇಲ್ಲಿ ಯಾರೂ ಕೇಳಿಲ್ಲವಲ್ಲ ಎಂದು ಅವನಿಗೆ ಅಚ್ಚರಿ. ತನ್ನ ದೇಶದವರು ಮೀನನ್ನೂ ತರಕಾರಿಯನ್ನೂ ಹಸಿಯಾಗಿಯೇ ತಿನ್ನುವುದನ್ನು ನೆನೆದು, ಭಾರತದವರು ಎಲ್ಲವನ್ನೂ ಚೆನ್ನಾಗಿ ಬೇಯಿಸಿ ಇಂಗು, ತುಪ್ಪ ಬೆರೆಸುವರೆಂದು ಮೆಚ್ಚಿ ಬರೆಯುತ್ತಾನೆ. ಈರುಳ್ಳಿಯನ್ನು ಇಲ್ಲಿ ತಿನ್ನುವುದಿಲ್ಲವೆಂದವನು, ಆಸೆ ತಡೆಯಲಾರದೆ ತಾನು ಆಗಾಗ ತಿಂದುದನ್ನೂ ಬಚ್ಚಿಡುವುದಿಲ್ಲ. ಪರೀಕ್ಷೆಗೆ ಬರೆಯುವವನಾಗಿದ್ದರೆ ಈ ಸಾಲನ್ನು ಹೊಡೆದುಹಾಕುತ್ತಿದ್ದ.

ಊಟವಷ್ಟೇ ಮುಖ್ಯವಾದುದು ತಿರುಗಾಟ. ಬೆಳಗಿನ ಹೊತ್ತು ಒಮ್ಮೆ, ಸಂಜೆಗೆ ಮುಂಚೆ ಒಮ್ಮೆ, ಭಿಕ್ಷುಗಳೂ ಗೃಹಸ್ಥರೂ ಗದ್ದಲವಿಲ್ಲದ ಕಡೆ ಹಿಂದಕ್ಕೂ ಮುಂದಕ್ಕೂ ನಡೆಯುತ್ತಿದ್ದರು. ಇದಕ್ಕೆ ಚಂಕ್ರಮವೆಂದು ಹೆಸರು. ಕೆಲವರು ವಿಹಾರದ ಹೊರಗೆ ಹೋಗುವರು, ಕೆಲವರು ಮೊಗಸಾಲೆಯಲ್ಲೇ ಸುತ್ತುವರು. ರೋಗ ಹೋಗುತ್ತದೆ, ಉಂಡದ್ದು ಅರಗುತ್ತದೆ. ನಡೆಯದವನಿಗೆ ಕಾಲು ಬಾಯುತ್ತದೆ, ಭುಜ ನೋಯುತ್ತದೆ ಎಂದು ಲಾಭನಷ್ಟಗಳನ್ನೂ ಹೇಳಿದ್ದಾನೆ. ರಾಜಗೃಹದ ಗೃಧ್ರಕೂಟದಲ್ಲಿಯೂ ಬುದ್ಧಗಯೆಯಲ್ಲಿಯೂ ಬುದ್ಧನು ನಡೆದಾಡಿದ ಜಾಡನ್ನು ಎತ್ತರದ ಕಟ್ಟೆಯಾಗಿ ಕಟ್ಟಿ, ಹೆಜ್ಜೆಗೊಂದರಂತೆ ಗಾರೆಯ ತಾವರೆಗಳನ್ನು ಮಾಡಿಟ್ಟಿದ್ದುದನ್ನು ಅವನು ಎಣಿಸಿ ನೋಡಿದ: ಹದಿನಾಲ್ಕೋ ಹದಿನೈದೋ.

ಇಷ್ಟು ದೂರ ಬಂದವನು ಮಣೆಯ ಎತ್ತರ ಅಳೆಯುತ್ತ ಕುಳಿತನೇ ಎಂದು ವಾಚಕರು ಕೇಳಬಹುದು. ಅವನು ಬಂದದ್ದೇ ವಿನಯವನ್ನು, ಎಂದರೆ ಭಿಕ್ಷುವಿನ ಆಚಾರವನ್ನು, ಕಲಿಯಲು. ಚೀನದ ಮಠಗಳಲ್ಲಿ ಆ ಆಚಾರ ಕೆಟ್ಟಿದೆ ಎಂಬ ಅಳಲು ಅವನಿಗಿತ್ತು. ಎಂಜಲು ಯಾವುದು, ಮಡಿ ಯಾವುದು ಎಂದು ತಿಳಿಯದೆ, ಉಳಿದ ಅನ್ನವನ್ನು ನಾಳೆಗೆ ಎತ್ತಿಡುತ್ತಾರೆಂದು ತನ್ನವರನ್ನು ಖಂಡಿಸುತ್ತಾನೆ. ತನ್ನ ಗುರುಹಿರಿಯರ ರೂಢಿಯನ್ನೇ ತಪ್ಪೆಂದು ಬರೆಯುವುದು ಸಣ್ಣ ಧೈರ್ಯವಲ್ಲ. ನಮ್ಮವರೋ, ಇಷ್ಟು ಶಾಸ್ತ್ರ ಬರೆದವರು, ನಾಳಂದೆಯಲ್ಲಿ ಏನು ಬಡಿಸುತ್ತಿದ್ದರೆಂದು ಇವನಂತೆ ಬಿಡಿಸಿ ಬರೆಯಲಿಲ್ಲ. ದಿನವೂ ಉಣ್ಣುವವನಿಗೆ ಅದು ಬರೆಯುವ ವಿಷಯವೆಂದೇ ತೋರದು.

ಶ್ರೀವಿಜಯಕ್ಕೆ ಮರಳಿದ ಇತ್ಸಿಂಗ್ ಈ ಗ್ರಂಥವನ್ನು ೬೯೨ರಲ್ಲಿ ಇನ್ನೊಬ್ಬ ಭಿಕ್ಷುವಿನ ಕೈಯಲ್ಲಿ ಸ್ವದೇಶಕ್ಕೆ ಕಳುಹಿಸಿದ. ತಾನು ನಾನೂರು ಸಂಸ್ಕೃತ ಗ್ರಂಥಗಳೊಡನೆ ೬೯೫ರಲ್ಲಿ ಲೋಯಾಂಗ್ ಮುಟ್ಟಿದಾಗ ಮಹಾರಾಣಿ ವೂ ತಾನೇ ಎದುರುಗೊಂಡಳು. ೭೧೩ರಲ್ಲಿ ತೀರಿಕೊಳ್ಳುವವರೆಗೆ ಅವನದು ಭಾಷಾಂತರದ ಕೆಲಸ. ನಾಳಂದೆಯಲ್ಲಿ ೧೯೧೫ರಿಂದ ನಡೆದ ಉತ್ಖನನದಲ್ಲಿ ವಿಹಾರಗಳ ಅಂಗಳದ ಬಾವಿಗಳೂ ಒಲೆಗಳೂ ಹೊರಬಂದವು. ಸುತ್ತಮುತ್ತ ದೊಡ್ಡ ಕೊಳಗಳು ಈಗಲೂ ಇವೆ. ಊರವರು ಅವನ್ನು ಪೋಖರ್ ಎನ್ನುತ್ತಾರೆ.