ಕಾಮಗಾರಿ ಸರ್ವೆಯರ್ (ಅರಸೀಕೆರೆ, ಬೇಲೂರು, ಹಳೇಬೀಡು)

ರಸ್ತೆ, ಕಾಲುವೆ, ಕಟ್ಟಡಗಳ ನಕ್ಷೆಯಲ್ಲಿರುವ ಅಳತೆಗಳನ್ನು ನೆಲದ ಮೇಲೆ ಗುರುತು ಹಾಕಿ, ಕೆಲಸ ಅದರಂತೆ ನಡೆದಿದೆಯೇ ಎಂದು ನೋಡಿಕೊಳ್ಳುವ ತಂತ್ರಜ್ಞ. ಜಮೀನಿನ ಹದ್ದುಬಸ್ತು ಅಳೆಯುವ ಸರ್ಕಾರಿ ಭೂಮಾಪಕರ ಕೆಲಸ ಬೇರೆ.

ಹಾಸನ ಜಿಲ್ಲೆಯ ಈ ಭಾಗದಲ್ಲಿ ವೃತ್ತಿಯ ಕೌಶಲವನ್ನು ಹೆಚ್ಚು ಬೇಡಿದ ಕಾಮಗಾರಿ ಎತ್ತಿನಹೊಳೆ ಯೋಜನೆ; ಇದರ ಮೊದಲ ಹಂತ 2024ರ ಸೆಪ್ಟೆಂಬರ್ 6ರಂದು ಉದ್ಘಾಟನೆಯಾಯಿತು. ಸಕಲೇಶಪುರದ ಕಡೆ ಪಂಪುಗಳು ಮೇಲೆತ್ತಿದ ನೀರು ಬೇಲೂರು, ಅರಸೀಕೆರೆ ತಾಲ್ಲೂಕುಗಳನ್ನು ಹಾಯುವ ಗುರುತ್ವ ಕಾಲುವೆಯಲ್ಲಿ ತಾನಾಗಿಯೇ ಹರಿಯಬೇಕು. ಕಾಲುವೆಯ ತಳ 10,000ಕ್ಕೆ 1ರಂತೆ ಇಳಿಯುತ್ತದೆಂದು ಇಟ್ಟುಕೊಂಡರೂ ಕಿಲೋಮೀಟರಿಗೆ ಸಿಗುವ ಇಳಿಜಾರು ಬರೀ 10 ಸೆಂಟಿಮೀಟರ್, ಗೇಣಿಗಿಂತ ಕಡಿಮೆ. ಆದ್ದರಿಂದ ಎತ್ತರ ಗೊತ್ತಿರುವ ಸ್ಥಿರ ಗುರುತಾದ ಬೆಂಚ್ ಮಾರ್ಕಿನಿಂದ ಹೊರಟ ಲೆವೆಲಿಂಗ್ (ಮಟ್ಟದ ಅಳತೆ) ಮತ್ತೆ ಬೆಂಚ್ ಮಾರ್ಕಿಗೇ ಬಂದು ತಾಳೆಯಾಗಬೇಕು. ವ್ಯತ್ಯಾಸ ಮಿತಿ ಮೀರಿದರೆ ಮೊದಲಿನಿಂದ ಮತ್ತೆ ಅಳೆಯಬೇಕು. ಕಾಲುವೆಯ ಮಧ್ಯರೇಖೆಗೆ ಕೋನ, ದೂರ ಅಳೆಯುವ ಟೋಟಲ್ ಸ್ಟೇಷನ್ ಇದ್ದರೂ ತಳದ ಮಟ್ಟಕ್ಕೆ ಮಟ್ಟ ನೋಡುವ ಉಪಕರಣವಾದ ಆಟೋ ಲೆವೆಲ್ಲನ್ನು ನೆಚ್ಚುವುದೇ ಒಳ್ಳೆಯದು. ನೆಲದ ಮೇಲೆ ನೆಟ್ಟಗೆ ಹಿಡಿಯುವ ಅಳತೆಪಟ್ಟಿ (ಸ್ಟಾಫ್) ಸ್ವಲ್ಪ ವಾಲಿದರೂ ಓದು ಹೆಚ್ಚಾಗಿ, ನೆಲ ಇರುವುದಕ್ಕಿಂತ ತಗ್ಗಾಗಿ ದಾಖಲಾಗುತ್ತದೆ. ಅದಕ್ಕೇ ಸಹಾಯಕ ಅದನ್ನು ಮೆಲ್ಲಗೆ ಹಿಂದೆ ಮುಂದೆ ಆಡಿಸುತ್ತಾನೆ, ಸರ್ವೆಯರ್ ಕಂಡ ಅತಿ ಕಡಿಮೆ ಓದನ್ನು ಬರೆದುಕೊಳ್ಳುತ್ತಾರೆ. ಬಿಸಿಲೇರಿದರೆ ನೆಲದ ಕಾವಿಗೆ ಅಂಕಿಗಳು ನಡುಗುತ್ತವೆ. ಬೆಳಗಿನ ಹೊತ್ತೇ ಮೇಲು.

ಗುರುತು ಹಾಕುವ ವಿದ್ಯೆ ಇಲ್ಲಿ ಹಳೆಯದು. ಅರಸೀಕೆರೆಯ ಈಶ್ವರ ದೇವಾಲಯದ ನಕ್ಷತ್ರಾಕಾರದ ಮಂಟಪ ಹೊಯ್ಸಳರ ಕಾಲದ ಸ್ಥಪತಿಗಳ ನಿಖರತೆಗೆ ಸಾಕ್ಷಿ.

2023ರಲ್ಲಿ ವಿಶ್ವ ಪರಂಪರೆಯ ಪಟ್ಟಿ ಸೇರಿದ ಬೇಲೂರು, ಹಳೇಬೀಡು ದೇವಾಲಯಗಳ ಸುತ್ತ ಸರ್ವೆಯರಿಗೆ ಇನ್ನೊಂದು ಹೊಣೆಯಿದೆ. ಸಂರಕ್ಷಿತ ಗಡಿಯಿಂದ 100 ಮೀಟರ್ ಕಟ್ಟಡ ನಿರ್ಮಾಣಕ್ಕೆ ನಿಷೇಧಿತ ಪ್ರದೇಶ, ಅದರಾಚೆ 200 ಮೀಟರ್ ನಿಯಂತ್ರಿತ ಪ್ರದೇಶ. ಪಾಯದ ಗೂಟ ಹೊಡೆಯುವ ಮುನ್ನವೇ ಈ ಅಂತರವನ್ನು ಅಳೆದು ಖಚಿತಪಡಿಸಿಕೊಳ್ಳಬೇಕು.