ಕೈಗಾದ ಕಂತೆ, ನರೋರಾದ ಕಂತೆ: ಬಳಸಿದ ಅಣು ಇಂಧನದ ಕಾವಲು ಕುರಿತು ಒಂದು ಟಿಪ್ಪಣಿ

ಹರಿಯಾಣದಲ್ಲಿ ಗುರುಗ್ರಾಮ ಜಿಲ್ಲೆಗೆ ಅಂಟಿಕೊಂಡಿರುವ ಝಜ್ಜರ್ ಜಿಲ್ಲೆಯ ಖೇರಿ ಜಸೌರ್ ಎಂಬ ಹಳ್ಳಿಯ ಬಳಿ ಪರಮಾಣು ಶಕ್ತಿ ಇಲಾಖೆಯ ಒಂದು ಸಂಸ್ಥೆಯಿದೆ. ಅದರ ಹೆಸರು ಅಣುಶಕ್ತಿ ಸಹಭಾಗಿತ್ವದ ಜಾಗತಿಕ ಕೇಂದ್ರ. 2010ರ ಏಪ್ರಿಲ್‌ನಲ್ಲಿ ವಾಷಿಂಗ್ಟನ್ನಿನ ಅಣುಭದ್ರತಾ ಶೃಂಗಸಭೆಯಲ್ಲಿ ಪ್ರಧಾನಿ ಮನಮೋಹನ್ ಸಿಂಗ್ ಇದನ್ನು ಘೋಷಿಸಿದರು, 2014ರ ಜನವರಿಯಲ್ಲಿ ಅಡಿಗಲ್ಲು ಹಾಕಿದರು. ಇಲ್ಲಿನ ಐದು ವಿಭಾಗಗಳಲ್ಲಿ ಒಂದು ಅಣುಭದ್ರತೆಯ ಅಧ್ಯಯನಕ್ಕೇ ಮೀಸಲು. ಕೇಂದ್ರದ ಘೋಷಣೆಯಾದ ತಿಂಗಳಲ್ಲೇ ದೆಹಲಿಯ ಮಾಯಾಪುರಿ ಗುಜರಿ ಮಾರುಕಟ್ಟೆಯಲ್ಲಿ ಕೋಬಾಲ್ಟ್-60 ಪತ್ತೆಯಾಯಿತು. ದೆಹಲಿ ವಿಶ್ವವಿದ್ಯಾಲಯದಲ್ಲಿ ವರ್ಷಗಟ್ಟಲೆ ಬಳಕೆಯಿಲ್ಲದೆ ಬಿದ್ದಿದ್ದ ವಿಕಿರಣ ಯಂತ್ರವನ್ನು ಹರಾಜಿನಲ್ಲಿ ಗುಜರಿಗೆ ಮಾರಲಾಗಿತ್ತು. ಅದನ್ನು ಬಿಚ್ಚಿದ ಕೂಲಿಗಳು ವಿಕಿರಣಕ್ಕೆ ಸಿಕ್ಕರು, ಒಬ್ಬರು ಸತ್ತರು. ಅಲ್ಲಿ ಕಳ್ಳತನ ನಡೆದಿರಲಿಲ್ಲ. ಅಪಾಯಕಾರಿ ವಸ್ತುವೊಂದು ಲೆಕ್ಕದ ಪುಸ್ತಕದಿಂದ ಜಾರಿಹೋಗಿತ್ತು, ಅಷ್ಟೆ. ಭದ್ರತೆ ಎಂದೊಡನೆ ಬಂದೂಕು ಹಿಡಿದ ಪಹರೆಯವನನ್ನು ನೆನೆಯುವ ನಾವು, ಲೆಕ್ಕ ಇಡುವವನನ್ನೂ ಅವನ ಪಕ್ಕದಲ್ಲೇ ನಿಲ್ಲಿಸಬೇಕೆಂದು ಮಾಯಾಪುರಿ ತೋರಿಸಿತು.

ಈ ಟಿಪ್ಪಣಿಯ ವಿಷಯ ಅದಕ್ಕಿಂತ ಬಹುಪಟ್ಟು ದೊಡ್ಡ ದಾಸ್ತಾನು: ಅಣು ವಿದ್ಯುತ್ ಸ್ಥಾವರಗಳಲ್ಲಿ ಉರಿದು ಹೊರಬಂದ ಇಂಧನ. ಅದರ ಭದ್ರತೆಗೆ ನಿಯಮ ಮಾಡುವವರು ಯಾರು, ಆ ನಿಯಮದ ಪಾಲನೆಯನ್ನು ಪರೀಕ್ಷಿಸುವವರು ಯಾರು ಎಂಬುದು ಪ್ರಶ್ನೆ. ಇದಕ್ಕೆ ಎರಡು ಸ್ಥಾವರಗಳನ್ನು ನೋಡೋಣ. ದೆಹಲಿಯ ರಾಜಧಾನಿ ವಲಯಕ್ಕೆ ಹತ್ತಿರವಿರುವುದು ಉತ್ತರಪ್ರದೇಶದ ಬುಲಂದ್‌ಶಹರ್ ಜಿಲ್ಲೆಯ ನರೋರಾ, ಗಂಗೆಯ ದಂಡೆಯಲ್ಲಿ. ನಮಗೆ ಹತ್ತಿರವಿರುವುದು ಉತ್ತರ ಕನ್ನಡದಲ್ಲಿ ಕಾಳಿ ನದಿಯ ದಂಡೆಯ ಕೈಗಾ. ಎರಡರಲ್ಲೂ 220 ಮೆಗಾವಾಟ್‌ನ ಭಾರಜಲ ರಿಯಾಕ್ಟರುಗಳೇ ಇವೆ, ನರೋರಾದಲ್ಲಿ 2, ಕೈಗಾದಲ್ಲಿ 4. ಇಂಧನವೂ ಒಂದೇ ಬಗೆಯದು. ಆದ್ದರಿಂದ ಇವೆರಡನ್ನು ಅಕ್ಕಪಕ್ಕ ಇಟ್ಟು ನೋಡಿದರೆ ವಸ್ತುವಿನ ವ್ಯತ್ಯಾಸ ಕಳಚಿಹೋಗಿ, ನಿಯಮದ ವ್ಯತ್ಯಾಸ ಮಾತ್ರ ಉಳಿಯುತ್ತದೆ.

ಮೊದಲು ವಸ್ತು. ಇಂಧನದ ಒಂದು ಕಂತೆ ಎಂದರೆ ಸುಮಾರು ಅರ್ಧ ಮೀಟರ್ ಉದ್ದದ 19 ಕೊಳವೆಗಳನ್ನು ಕೂಡಿಸಿದ ಕಟ್ಟು, ಒಳಗೆ 15 ಕಿಲೋದಷ್ಟು ಯುರೇನಿಯಂ ಡೈಆಕ್ಸೈಡ್. ರಿಯಾಕ್ಟರಿನ 306 ನಾಳಗಳಲ್ಲಿ ತಲಾ 12ರಂತೆ 3672 ಕಂತೆಗಳು ಕೂತಿರುತ್ತವೆ. ಭಾರಜಲ ರಿಯಾಕ್ಟರನ್ನು ನಿಲ್ಲಿಸದೆಯೇ ಇಂಧನ ಬದಲಿಸಬಹುದು, ಹಾಗಾಗಿ ಪೂರ್ಣ ಶಕ್ತಿಯಲ್ಲಿರುವಾಗ ದಿನಕ್ಕೆ ಸುಮಾರು 8 ಕಂತೆ ಹೊರಬರುತ್ತವೆ. ಕೈಗಾದ ನಾಲ್ಕೂ ಘಟಕಗಳು ವರ್ಷವಿಡೀ ಹೀಗೆ ನಡೆದರೆ 11ರಿಂದ 12 ಸಾವಿರ ಕಂತೆಗಳಾಗುತ್ತವೆ. ಇದು ನನ್ನ ಅಂದಾಜು, ಅಧಿಕೃತ ಅಂಕಿಯಲ್ಲ. ಕಂತೆ ಮೊದಲು ನೀರಿನ ಕೊಳಕ್ಕೆ ಇಳಿಯುತ್ತದೆ. ವರ್ಷಗಳ ಕಾಲ ತಣಿದ ಮೇಲೆ ಮರುಸಂಸ್ಕರಣೆಗೆ ಹೋಗಬಹುದು, ಇಲ್ಲವೆ ರಾಜಸ್ಥಾನದ ರಾವತಭಾಟಾದಲ್ಲಿ ಮಾಡಿರುವಂತೆ ಕಾಂಕ್ರೀಟ್ ಪೀಪಾಯಿಯ ಒಣ ಸಂಗ್ರಹಕ್ಕೆ ಸೇರಬಹುದು.

ಭದ್ರತೆಯ ದೃಷ್ಟಿಯಿಂದ ಈ ಕಂತೆಗೆ ಎರಡು ಬೇರೆಬೇರೆ ಭಯಗಳಿವೆ. ಒಂದು ವಿಧ್ವಂಸ: ಕೊಳವನ್ನೋ ಪೀಪಾಯಿಯನ್ನೋ ಒಡೆದು ವಿಕಿರಣವನ್ನು ಹೊರಬಿಡುವುದು. ಇನ್ನೊಂದು ಕಳವು: ಒಳಗಿರುವ ಪ್ಲುಟೋನಿಯಂ ಆಸೆಗೆ ಕಂತೆಯನ್ನೇ ಸಾಗಿಸುವುದು. ಗಮನಿಸಬೇಕಾದದ್ದು, ಕಾಲ ಕಳೆದಂತೆ ಇವು ವಿರುದ್ಧ ದಿಕ್ಕಿನಲ್ಲಿ ಸಾಗುತ್ತವೆ. ಆಗತಾನೇ ಹೊರಬಂದ ಕಂತೆ ಬಿಸಿಯಾಗಿರುತ್ತದೆ, ಅಲ್ಪಾಯುಷಿ ವಿಕಿರಣ ಧಾತುಗಳಿಂದ ತುಂಬಿರುತ್ತದೆ. ಆಗ ವಿಧ್ವಂಸದ ಪರಿಣಾಮ ಹೆಚ್ಚು, ಕಳವು ಬಹುತೇಕ ಅಸಾಧ್ಯ, ಹತ್ತಿರ ಹೋದವನೇ ಉಳಿಯುವುದಿಲ್ಲ. ದಶಕಗಳು ಕಳೆದಂತೆ ಬಿಸಿ ಇಳಿಯುತ್ತದೆ, ವಿಧ್ವಂಸದ ಅಪಾಯವೂ ತಗ್ಗುತ್ತದೆ. ಆದರೆ ಕಂತೆಯನ್ನು ಅದರ ವಿಕಿರಣವೇ ಕಾಯುತ್ತಿದ್ದ ಆ ರಕ್ಷಣೆಯೂ ಕರಗುತ್ತದೆ. ಅದಕ್ಕೆ ಮುಖ್ಯ ಆಧಾರವಾದ ಸೀಸಿಯಂ-137 ಸುಮಾರು 30 ವರ್ಷಕ್ಕೊಮ್ಮೆ ಅರ್ಧವಾಗುತ್ತದೆ, ಪ್ಲುಟೋನಿಯಂ-239ಕ್ಕೆ ಹಾಗಾಗಲು 24 ಸಾವಿರ ವರ್ಷ ಬೇಕು. ಅಂತಾರಾಷ್ಟ್ರೀಯ ಅಣುಶಕ್ತಿ ಸಂಸ್ಥೆಯ ಭೌತಿಕ ರಕ್ಷಣೆಯ ಶಿಫಾರಸುಗಳು (2011ರ ಐದನೆಯ ಪರಿಷ್ಕರಣೆ) ಬಳಸಿದ ಸಹಜ ಯುರೇನಿಯಂ ಇಂಧನವನ್ನು ಕಾವಲಿನ ಎರಡನೆಯ ವರ್ಗದಲ್ಲಿಡುತ್ತವೆ. ಒಂದು ಮೀಟರ್ ದೂರದಲ್ಲಿ ಗಂಟೆಗೆ 1 ಗ್ರೇಗಿಂತ ಹೆಚ್ಚು ವಿಕಿರಣ ಸೂಸುವ ವಸ್ತುವನ್ನೇ ಅವು ಸ್ವಯಂರಕ್ಷಿತವೆಂದು ಪರಿಗಣಿಸುತ್ತವೆ. ಹಾಗಾದರೆ ಹಳೆಯ ಕಂತೆಗೂ ಹೊಸ ಕಂತೆಗೂ ಒಂದೇ ಕಾವಲು ಸಾಲದು. ವಯಸ್ಸಿಗೆ ತಕ್ಕಂತೆ ನಿಯಮ ಬದಲಾಗಬೇಕು.

ಇಲ್ಲಿ ಉತ್ಪ್ರೇಕ್ಷೆಯೂ ಸಲ್ಲದು. ಭಾರಜಲ ರಿಯಾಕ್ಟರಿನ ಇಂಧನ ಪ್ರತಿ ಟನ್ನಿಗೆ 7000 ಮೆಗಾವಾಟ್-ದಿನದ ಆಸುಪಾಸಿನಲ್ಲಿ ಉರಿದು ಮುಗಿಯುತ್ತದೆ. ಕೂಡಂಕುಳಂನಂಥ ಲಘುಜಲ ರಿಯಾಕ್ಟರಿನಲ್ಲಿ ಅದು ಇದರ ಐದಾರು ಪಟ್ಟು. ಆದ್ದರಿಂದ ಕೊಳದ ನೀರು ಬತ್ತಿ ಇಂಧನಕ್ಕೆ ಬೆಂಕಿ ಹತ್ತುವ, ಅಮೆರಿಕದ ವರದಿಗಳಲ್ಲಿ ಬಹಳ ಚರ್ಚೆಯಾಗಿರುವ ಸಾಧ್ಯತೆಯನ್ನು ಹಾಗೆಯೇ ಎತ್ತಿ ಕೈಗಾದ ಮೇಲೆ ಹೇರುವುದು ತಪ್ಪು. ಕೈಗಾದ ತೊಡಕು ಬೇರೆ: ಚಿಕ್ಕ ಚಿಕ್ಕ ಕಂತೆಗಳು, ಅಗಾಧ ಸಂಖ್ಯೆ, ದಿನದಿನದ ಚಲನೆ. ಅಂದರೆ ಮತ್ತೆ ಲೆಕ್ಕದ ಪ್ರಶ್ನೆ.

ನರೋರಾ ಮತ್ತು ಕೈಗಾ ಬೇರೆಯಾಗುವುದು ಇಲ್ಲೇ. ಭಾರತ-ಅಮೆರಿಕ ಅಣು ಒಪ್ಪಂದದ ಹೊತ್ತಿನಲ್ಲಿ, 2006ರಲ್ಲಿ, ಭಾರತ ತನ್ನ ಸ್ಥಾವರಗಳನ್ನು ನಾಗರಿಕ ಮತ್ತು ಇತರ ಎಂದು ವಿಂಗಡಿಸಿತು. ನರೋರಾದ ಎರಡೂ ಘಟಕಗಳು ನಾಗರಿಕ ಪಟ್ಟಿಗೆ ಸೇರಿ ಅಂತಾರಾಷ್ಟ್ರೀಯ ಸಂಸ್ಥೆಯ ತಪಾಸಣೆಗೆ ಒಳಪಟ್ಟವು. ಕೈಗಾದ ನಾಲ್ಕೂ ಹೊರಗುಳಿದವು. ಪರಿಣಾಮವಾಗಿ, ನರೋರಾದ ಕೊಳದ ಕಂತೆಗಳನ್ನು ಹೊರಗಿನ ತಪಾಸಕರು ಬಂದು ಎಣಿಸುತ್ತಾರೆ. ಕೈಗಾದ ಕೊಳದ ಕಂತೆಗಳ ಲೆಕ್ಕ ಇಲಾಖೆಯೊಳಗೇ ಮುಗಿಯುತ್ತದೆ. ಈ ತಪಾಸಣೆ ಭದ್ರತೆಯಲ್ಲ ಎಂಬುದನ್ನು ಒತ್ತಿ ಹೇಳಬೇಕು. ಸರ್ಕಾರವೇ ವಸ್ತುವನ್ನು ಬೇರೆಡೆ ತಿರುಗಿಸದಂತೆ ನೋಡುವುದು ಅದರ ಉದ್ದೇಶ, ಕಳ್ಳನನ್ನು ತಡೆಯುವುದಲ್ಲ. ಆದರೂ ಎರಡನೆಯ ಜೋಡಿ ಕಣ್ಣು ಲೆಕ್ಕವನ್ನು ನೋಡಿದಾಗ ಒಳಗಿನವರ ಕೈವಾಡ ಕಷ್ಟವಾಗುತ್ತದೆ. ಆ ಅನುಕೂಲ ಕೈಗಾಕ್ಕಿಲ್ಲ. ಪಟ್ಟಿಯಿಂದ ಕೈಗಾವನ್ನು ಹೊರಗಿಟ್ಟದ್ದಕ್ಕೆ ರಾಷ್ಟ್ರೀಯ ಕಾರಣಗಳಿವೆ, ಅವನ್ನು ಇಲ್ಲಿ ನಾನು ಪ್ರಶ್ನಿಸುತ್ತಿಲ್ಲ. ಹೊರಗಿನ ಕಣ್ಣು ಇಲ್ಲದ ಕಡೆ ದೇಶದೊಳಗಿನ ಸ್ವತಂತ್ರ ಕಣ್ಣು ಇನ್ನೂ ಬಲವಾಗಿರಬೇಕಿತ್ತು ಎಂಬುದಷ್ಟೇ ನನ್ನ ವಾದ.

ಅದು ಬಲವಾಗಿತ್ತೇ? ಪರಮಾಣು ಶಕ್ತಿ ನಿಯಂತ್ರಣ ಮಂಡಳಿ 1983ರ ನವೆಂಬರ್ 15ರಂದು 1962ರ ಪರಮಾಣು ಶಕ್ತಿ ಕಾಯ್ದೆಯಡಿ ಒಂದು ಸರ್ಕಾರಿ ಆದೇಶದಿಂದ ಹುಟ್ಟಿತು. ಅದು ವರದಿ ಒಪ್ಪಿಸುತ್ತಿದ್ದುದು ಪರಮಾಣು ಶಕ್ತಿ ಆಯೋಗಕ್ಕೆ. ಆ ಆಯೋಗದ ಅಧ್ಯಕ್ಷರೇ ಇಲಾಖೆಯ ಕಾರ್ಯದರ್ಶಿ, ಆ ಇಲಾಖೆಯಡಿಯಲ್ಲೇ ಸ್ಥಾವರ ನಡೆಸುವ ನಿಗಮ. 2000ದಲ್ಲಿ ಭಾಭಾ ಪರಮಾಣು ಸಂಶೋಧನಾ ಕೇಂದ್ರದ ಘಟಕಗಳನ್ನು ಮಂಡಳಿಯ ವ್ಯಾಪ್ತಿಯಿಂದ ತೆಗೆದು ಕೇಂದ್ರದ್ದೇ ಆಂತರಿಕ ಸುರಕ್ಷತಾ ಪರಿಷತ್ತಿಗೆ ಒಪ್ಪಿಸಲಾಯಿತು. ಇದರ ಫಲವನ್ನು ಒಂದು ಕಂತೆಯ ಬೆನ್ನುಹತ್ತಿ ನೋಡಿದರೆ ತಿಳಿಯುತ್ತದೆ. ಸ್ಥಾವರದ ಕೊಳದಲ್ಲಿರುವವರೆಗೆ ಅದು ಮಂಡಳಿಯ ಕಣ್ಣಳತೆಯಲ್ಲಿರುತ್ತದೆ. ತಾರಾಪುರ ಅಥವಾ ಕಲ್ಪಾಕ್ಕಂನಲ್ಲಿ ಭಾಭಾ ಕೇಂದ್ರದ ಮರುಸಂಸ್ಕರಣಾ ಘಟಕದ ಬಾಗಿಲು ದಾಟಿದೊಡನೆ ಇನ್ನೊಬ್ಬರ ಕೈಗೆ ಹೋಗುತ್ತದೆ. ಅಪಾಯ ಅದೇ, ಕಂತೆ ಅದೇ, ನಿಯಂತ್ರಕ ಮಾತ್ರ ಬೇರೆ. ಅದೂ ಪ್ಲುಟೋನಿಯಂ ಪ್ರತ್ಯೇಕವಾಗುವ, ಅತ್ಯಂತ ಸೂಕ್ಷ್ಮ ಘಟ್ಟದಲ್ಲಿ.

2012ರಲ್ಲಿ ಮಹಾಲೇಖಪಾಲರ ವರದಿ ಈ ದೌರ್ಬಲ್ಯಗಳನ್ನು ಬಿಡಿಸಿಟ್ಟಿತು. ಮಂಡಳಿಗೆ ನಿಯಮ ರೂಪಿಸುವ ಅಧಿಕಾರವಿಲ್ಲ, ಕೆಲವು ಉಲ್ಲಂಘನೆಗಳಿಗೆ ಗರಿಷ್ಠ ದಂಡ ಬರೀ 500 ರೂಪಾಯಿ ಎಂದು ಅದು ದಾಖಲಿಸಿತು. ಅದಕ್ಕೂ ಮುಂಚೆ, 2011ರಲ್ಲಿ, ಸ್ವತಂತ್ರ ಪ್ರಾಧಿಕಾರ ರಚಿಸುವ ಮಸೂದೆ ಲೋಕಸಭೆಗೆ ಬಂದಿತ್ತು. 2014ರಲ್ಲಿ ಸದನದ ಅವಧಿ ಮುಗಿದಾಗ ಅದೂ ಬಿದ್ದುಹೋಯಿತು. 2015ರಲ್ಲಿ ಅಂತಾರಾಷ್ಟ್ರೀಯ ಸಂಸ್ಥೆಯ ಪರಿಶೀಲನಾ ತಂಡ ಬಂದು, ಮಂಡಳಿಯ ಸ್ವಾತಂತ್ರ್ಯವನ್ನು ಕಾನೂನಿನಲ್ಲೇ ಬರೆಯಿರಿ ಎಂದು ಸಲಹೆ ಕೊಟ್ಟಿತು.

ಕಾಗದದ ಈ ಲೋಪಗಳಿಗೂ ನೆಲದ ಘಟನೆಗಳಿಗೂ ನೇರ ಕಾರ್ಯಕಾರಣ ಹೂಡುವ ಅವಸರ ಬೇಡ. ಆದರೆ ಘಟನೆಗಳು ಯಾವ ದಿಕ್ಕನ್ನು ತೋರುತ್ತವೆ ಎಂಬುದನ್ನು ನೋಡಲೇಬೇಕು. 2009ರ ನವೆಂಬರ್‌ನಲ್ಲಿ ಕೈಗಾದ ಕುಡಿಯುವ ನೀರಿನ ಕೂಲರಿಗೆ ಟ್ರಿಟಿಯಂ ಇದ್ದ ಭಾರಜಲ ಸೇರಿಸಲಾಗಿತ್ತು. 50ಕ್ಕೂ ಹೆಚ್ಚು ನೌಕರರ ದೇಹಕ್ಕೆ ಟ್ರಿಟಿಯಂ ಹೊಕ್ಕಿತು. ವಾಡಿಕೆಯ ಮೂತ್ರ ಪರೀಕ್ಷೆಯಿಂದ ವಿಷಯ ಹೊರಬಿತ್ತು, ಒಳಗಿನವರದೇ ಕೃತ್ಯವಿರಬೇಕೆಂದು ಅಧಿಕಾರಸ್ಥರೇ ಶಂಕಿಸಿದರು. 2014ರ ಅಕ್ಟೋಬರ್‌ನಲ್ಲಿ ಕಲ್ಪಾಕ್ಕಂನಲ್ಲಿ ಕೈಗಾರಿಕಾ ಭದ್ರತಾ ಪಡೆಯ ಸಿಬ್ಬಂದಿಯೊಬ್ಬ ತನ್ನ ಮೂವರು ಸಹೋದ್ಯೋಗಿಗಳನ್ನು ಗುಂಡಿಕ್ಕಿ ಕೊಂದ. 2019ರಲ್ಲಿ ಕೂಡಂಕುಳಂನ ಆಡಳಿತ ಜಾಲದ ಗಣಕಕ್ಕೆ ಕುತಂತ್ರಾಂಶ ಹೊಕ್ಕದ್ದನ್ನು ನಿಗಮ ಒಪ್ಪಿಕೊಂಡಿತು. ಮೂರರಲ್ಲಿ ಯಾವುದೂ ಬಳಸಿದ ಇಂಧನಕ್ಕೆ ತಾಗಲಿಲ್ಲ. ಆದರೆ ಮೂರರಲ್ಲೂ ಹೊರಬೇಲಿ ಭದ್ರವಾಗಿಯೇ ಇತ್ತು. ಮೊದಲ ಎರಡರಲ್ಲಿ ಅಪಾಯ ಗುರುತಿನ ಚೀಟಿ ಧರಿಸಿದವರಿಂದಲೇ ಬಂತು, ಮೂರನೆಯದು ಬೇಲಿಯನ್ನು ಮುಟ್ಟದೆಯೇ ಒಳಬಂತು. ನಮ್ಮಲ್ಲಿ ಅಣುಭದ್ರತೆಯ ಚರ್ಚೆ ಇಂದಿಗೂ ಬೇಲಿ, ಗೋಪುರ, ಬಂದೂಕುಗಳ ಸುತ್ತಲೇ ಸುತ್ತುತ್ತಿರುವುದು ನನಗೆ ಆತಂಕದ ಸಂಗತಿ.

ಇಂಥ ಚರ್ಚೆಗೆ ಸಿದ್ಧವಾಗಿರುವ ಉತ್ತರ ಒಂದೇ: ಭದ್ರತೆಯ ವಿಷಯ ಗುಟ್ಟಾಗಿರಬೇಕು. ಅರ್ಧ ಸರಿ. ಪಹರೆಯವರ ಸಂಖ್ಯೆ, ಕ್ಯಾಮೆರಾಗಳ ಜಾಗ, ಊಹಿಸಿಕೊಂಡ ದಾಳಿಯ ಸ್ವರೂಪ ಬಯಲಿಗೆ ಬರಬಾರದು. ಆದರೆ ನಿಯಮವೇ ಗುಟ್ಟಾಗಬೇಕಿಲ್ಲ. ಅಮೆರಿಕದಲ್ಲಿ ಒಣ ಸಂಗ್ರಹಾಗಾರದ ಭೌತಿಕ ರಕ್ಷಣೆಯ ಮೂಲ ಅಗತ್ಯಗಳು ಎಲ್ಲರೂ ಓದಬಹುದಾದ ನಿಯಮಾವಳಿಯಲ್ಲಿವೆ. ವಿನ್ಯಾಸ ಲೆಕ್ಕಕ್ಕೆ ಹಿಡಿದ ಅಪಘಾತದಲ್ಲಿ ನಿಯಂತ್ರಿತ ಪ್ರದೇಶದ ಗಡಿಯಲ್ಲಿರುವವನಿಗೆ 50 ಮಿಲಿಸೀವರ್ಟ್‌ಗಿಂತ ಹೆಚ್ಚು ವಿಕಿರಣ ತಾಗಬಾರದು, ಸಂಗ್ರಹದಿಂದ ಆ ಗಡಿ ಕನಿಷ್ಠ 100 ಮೀಟರ್ ದೂರವಿರಬೇಕು ಎಂದು ಅಲ್ಲಿ ಅಂಕಿಯಲ್ಲೇ ಬರೆದಿದೆ. 2009ರ ಡಿಸೆಂಬರ್‌ನಲ್ಲಿ ಅಲ್ಲಿನ ನಿಯಂತ್ರಣ ಆಯೋಗ, ಇದೇ ಮಿತಿಯನ್ನು ಭದ್ರತೆಗೂ ಅನ್ವಯಿಸಬೇಕೇ, ದಾಳಿಕೋರನನ್ನು ಪತ್ತೆಹಚ್ಚಿ ಪೊಲೀಸರಿಗೆ ತಿಳಿಸಿದರೆ ಸಾಕೇ ಅಥವಾ ಸ್ಥಳದಲ್ಲೇ ತಡೆಯಬೇಕೇ ಎಂಬ ಪ್ರಶ್ನೆಗಳಿರುವ ಕರಡನ್ನು ಜನರ ಮುಂದಿಟ್ಟಿತು. ಆ ಪ್ರಕ್ರಿಯೆ ಸಲೀಸಾಗಿ ಸಾಗಲಿಲ್ಲ ಎಂಬುದೂ ನಿಜ. ಆದರೂ ಪ್ರಶ್ನೆ ಸಾರ್ವಜನಿಕವಾಗಿತ್ತು. ಅದಕ್ಕೂ ಮುಂಚೆ ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿ ಬಳಸಿದ ಇಂಧನದ ಭದ್ರತೆಯ ಬಗ್ಗೆ ಎರಡು ವರದಿ ಕೊಟ್ಟಿತ್ತು: 2004ರಲ್ಲಿ ಗೋಪ್ಯವಾದದ್ದು, 2005ರಲ್ಲಿ ಜನರಿಗೆ ಬಿಡುಗಡೆಯಾದದ್ದು. ಏನನ್ನು ಬಿಡುಗಡೆ ಮಾಡಬಹುದು ಎಂಬ ಬಗ್ಗೆ ಅಕಾಡೆಮಿಗೂ ನಿಯಂತ್ರಕರಿಗೂ ಜಟಾಪಟಿ ನಡೆಯಿತು, ಕೊನೆಗೂ ವರದಿ ಬಂತು. ಐದು ವರ್ಷವಾದರೂ ತಣಿದ ಇಂಧನಕ್ಕೆ ಕೊಳಕ್ಕಿಂತ ಒಣ ಪೀಪಾಯಿ ಭದ್ರತೆಯ ದೃಷ್ಟಿಯಿಂದ ಮೇಲು ಎಂಬ ತೀರ್ಮಾನ ಅದರಲ್ಲಿತ್ತು. ಇದನ್ನು ಪ್ರಕಟಿಸಿದ್ದರಿಂದ ಯಾವ ಗುಟ್ಟೂ ರಟ್ಟಾಗಲಿಲ್ಲ.

ನಮ್ಮಲ್ಲಿ ಜನ ಈ ಪ್ರಶ್ನೆಯನ್ನು ಎತ್ತಿಲ್ಲವೆಂದಲ್ಲ. ಕೈಗಾ ವಿರೋಧಿ ಚಳವಳಿಗೆ ದನಿಯಾದ ಶಿವರಾಮ ಕಾರಂತರು 1989ರಲ್ಲಿ ಆ ಭಾಗದ ಲೋಕಸಭಾ ಕ್ಷೇತ್ರದಿಂದ ಚುನಾವಣೆಗೇ ನಿಂತರು, ಸೋತರು. 2018ರ ಡಿಸೆಂಬರ್‌ನಲ್ಲಿ ಕೈಗಾದ 5 ಮತ್ತು 6ನೇ ಘಟಕಗಳ ಅಹವಾಲು ಸಭೆ ನಡೆದಾಗ ಸ್ಥಳೀಯರು ವಿರೋಧವನ್ನು ದಾಖಲಿಸಿದರು. ಕೂಡಂಕುಳಂ ಪ್ರಕರಣದಲ್ಲಿ 2013ರ ಮೇ 6ರಂದು ತೀರ್ಪು ಕೊಟ್ಟ ಸುಪ್ರೀಂ ಕೋರ್ಟ್ ಬಳಸಿದ ಇಂಧನದ ಸಂಗ್ರಹದ ಬಗ್ಗೆಯೂ ನಿರ್ದೇಶನ ನೀಡಿತು. ಅಲ್ಲಿ ರಿಯಾಕ್ಟರಿನಿಂದ ದೂರದ ಸಂಗ್ರಹಾಗಾರ ಕಟ್ಟಲು 2018ರಲ್ಲಿ ಗಡುವು ವಿಸ್ತರಣೆಯಾಯಿತು, 2019ರ ಜುಲೈಗೆ ಗೊತ್ತುಮಾಡಿದ್ದ ಅಹವಾಲು ಸಭೆ ವಿರೋಧದ ನಡುವೆ ಮುಂದೂಡಲ್ಪಟ್ಟಿತು. ಈ ಸಭೆಗಳೆಲ್ಲ ಪರಿಸರ ಅಧಿಸೂಚನೆಯಡಿ ನಡೆಯುವಂಥವು. ಭದ್ರತೆಯನ್ನು ಪರೀಕ್ಷಿಸಲೆಂದು ರಚಿತವಾದವಲ್ಲ. ಆದ್ದರಿಂದ ಜನರ ಪ್ರಶ್ನೆ ಸರಿಯಾದ ಬಾಗಿಲನ್ನು ತಲುಪುವುದೇ ಇಲ್ಲ.

2025ರ ಡಿಸೆಂಬರ್‌ನಲ್ಲಿ ಸಂಸತ್ತು ಅಂಗೀಕರಿಸಿದ, ‘ಶಾಂತಿ’ (SHANTI) ಎಂಬ ಹೆಸರಿನ ಅಣುಶಕ್ತಿ ಕಾಯ್ದೆ 1962ರ ಕಾಯ್ದೆಯನ್ನು ತೆಗೆದುಹಾಕಿ, ನಿಯಂತ್ರಣ ಮಂಡಳಿಗೆ ಶಾಸನದ ಸ್ಥಾನ ಕೊಟ್ಟಿದೆ. ಸ್ಥಾವರ ಕಟ್ಟಿ ನಡೆಸಲು ಖಾಸಗಿ ಕಂಪನಿಗಳಿಗೂ ಅವಕಾಶ ತೆರೆದಿದೆ, ಮರುಸಂಸ್ಕರಣೆಯನ್ನು ಕೇಂದ್ರ ಸರ್ಕಾರದ ಬಳಿಯೇ ಉಳಿಸಿದೆ. ಶಾಸನದ ಸ್ಥಾನ ಸಿಕ್ಕಿದ್ದು ದೊಡ್ಡ ಹೆಜ್ಜೆ, ಮೂವತ್ತು-ನಲವತ್ತು ವರ್ಷ ತಡವಾಗಿಯಾದರೂ ಬಂದದ್ದು. ಆದರೆ ನಾಳೆ ಖಾಸಗಿ ಕಂಪನಿಯ ಕೊಳದಲ್ಲಿ ತಣಿಯುವ ಕಂತೆ ಸರ್ಕಾರದ ಘಟಕಕ್ಕೆ ಹೋಗುವಾಗ ದಾಟಬೇಕಾದ ಗಡಿಗಳು ಇನ್ನಷ್ಟು ಹೆಚ್ಚಲಿವೆ. ಹರಿಯಾಣದ ಫತೇಹಾಬಾದ್ ಜಿಲ್ಲೆಯ ಗೋರಖ್‌ಪುರದಲ್ಲಿ 700 ಮೆಗಾವಾಟ್‌ನ ನಾಲ್ಕು ಘಟಕಗಳು ಯೋಜಿತವಾಗಿವೆ, ಅಲ್ಲಿಂದಲೂ ಕಂತೆಗಳು ಬರಲಿವೆ.

ಹಾಗಾಗಿ ಈ ಕಾಯ್ದೆಯಡಿಯ ನಿಯಮಗಳಲ್ಲಿ ಮೂರು ಮಾತು ಇರಲೇಬೇಕು. ನಿಯಮ ಕಟ್ಟಡಕ್ಕಾಗಲೀ ಒಡೆಯನಿಗಾಗಲೀ ಅಂಟಿಕೊಳ್ಳದೆ, ರಿಯಾಕ್ಟರಿನಿಂದ ಹೊರಬಿದ್ದ ದಿನದಿಂದ ಮರುಸಂಸ್ಕರಣೆಯ ಕೊನೆಯವರೆಗೆ ಕಂತೆಯನ್ನೇ ಹಿಂಬಾಲಿಸಲಿ, ಒಂದೇ ನಿಯಂತ್ರಕನ ಕೈಯಲ್ಲಿರಲಿ. ಕಂತೆಯ ವಯಸ್ಸಿಗೆ ತಕ್ಕಂತೆ ಕಾವಲಿನ ವರ್ಗ ಬದಲಾಗಲಿ. ವಿವರ ಗೋಪ್ಯವಾಗಿದ್ದರೂ, ಯಾವ ವರ್ಷ ಯಾವ ಸಂಗ್ರಹಾಗಾರದ ಲೆಕ್ಕ ಪರಿಶೋಧನೆ ನಡೆಯಿತು, ಲೆಕ್ಕ ತಾಳೆಯಾಯಿತೇ ಎಂಬ ಒಂದು ಪುಟದ ವರದಿ ಪ್ರತಿವರ್ಷ ಸಂಸತ್ತಿನ ಮುಂದೆ ಬರಲಿ. ಉತ್ತರ ಕನ್ನಡದ ಜನಪ್ರತಿನಿಧಿಗಳು, ವಿಜ್ಞಾನ ಬಲ್ಲ ಓದುಗರು ಇದನ್ನು ಇಲಾಖೆಗೂ ಸಂಸದೀಯ ಸಮಿತಿಗೂ ಬರೆದು ಕೇಳಬೇಕು.