ಢಾಕಾದಲ್ಲಿ ಇನ್ನೂರು, ನಮ್ಮ ಹೊಲದಲ್ಲಿ?

2019ರ ಅಕ್ಟೋಬರ್‌ನಲ್ಲಿ ದೆಹಲಿಗೆ ಬಂದಿದ್ದ ಬಾಂಗ್ಲಾದೇಶದ ಪ್ರಧಾನಿ ಶೇಖ್ ಹಸೀನಾ, ಈರುಳ್ಳಿ ಹಾಕದೆ ಅಡುಗೆ ಮಾಡಿ ಎಂದು ತಮ್ಮ ಅಡುಗೆಯವರಿಗೆ ಹೇಳಿದ್ದಾಗಿ ಸಭೆಯೊಂದರಲ್ಲಿ ಹೇಳಿದರು. ಕೇಳಿದವರು ನಕ್ಕರು. ಆದರೆ ಅವರ ದೂರು ನಿಜವಾಗಿತ್ತು. ಸೆಪ್ಟೆಂಬರ್ 29ರಂದು ಭಾರತ ಈರುಳ್ಳಿ ರಫ್ತನ್ನು ಏಕಾಏಕಿ ನಿಲ್ಲಿಸಿತ್ತು. ನವೆಂಬರ್ ಹೊತ್ತಿಗೆ ಢಾಕಾದಲ್ಲಿ ಕಿಲೋಗೆ 200 ಟಾಕಾ ದಾಟಿತು. ಅಲ್ಲಿನ ಸರ್ಕಾರ ವಿಮಾನದಲ್ಲಿ ಈರುಳ್ಳಿ ತರಿಸಿತು. ವಿಮಾನ ಹತ್ತಿದ ಈರುಳ್ಳಿ!

ಭಾರತ ಯಾಕೆ ಹೀಗೆ ಮಾಡಿತು? ನಮ್ಮ ದೇಶದ ಈರುಳ್ಳಿಯಲ್ಲಿ ಹೆಚ್ಚಿನ ಪಾಲು ಹಿಂಗಾರಿನದು. ಬೇಸಿಗೆಯಲ್ಲಿ ಕಿತ್ತು, ಕೂಡಿಟ್ಟು, ತಿಂಗಳುಗಟ್ಟಲೆ ಮಾರುತ್ತಾರೆ. ಸೆಪ್ಟೆಂಬರ್ ಬರುವಷ್ಟರಲ್ಲಿ ದಾಸ್ತಾನು ತಳ ಕಾಣುತ್ತದೆ. ಆಗ ಕೈಹಿಡಿಯಬೇಕಾದ್ದು ಚಿತ್ರದುರ್ಗ, ಗದಗ ಕಡೆಯ ಮುಂಗಾರು ಬೆಳೆ. ಆ ವರ್ಷ ಮಳೆ ಅದನ್ನು ಹೊಲದಲ್ಲೇ ಕೊಳೆಸಿತು. ಇನ್ನು ಯಾವ ಸರ್ಕಾರಕ್ಕೂ 1998 ಮರೆತುಹೋಗಿಲ್ಲ. ಅಂದು ದೆಹಲಿಯಲ್ಲಿ ಈರುಳ್ಳಿ ದುಬಾರಿಯಾಗಿದ್ದಾಗಲೇ ಚುನಾವಣೆ ಬಂದು ಆಳುವ ಪಕ್ಷ ಸೋತಿತ್ತು. ಹಾಗಾಗಿ ಬೆಲೆ ಏರಿದರೆ ಮೊದಲು ಮುಚ್ಚುವುದು ಬಂದರಿನ ಬಾಗಿಲು. ಇಲ್ಲಿ ಬೆಲೆ ತಗ್ಗಿಸಲು ಹೋದರೆ ಪಕ್ಕದ ದೇಶದಲ್ಲಿ ಅದೇ ಗಡ್ಡೆ ಚಿನ್ನವಾಗುತ್ತದೆ.

ಬೆಲೆ ಏರಿಕೆಯ ಸುದ್ದಿಗೆ ಹೋಗುವ ನಾವು ಸಾಮಾನ್ಯವಾಗಿ ಪೇಟೆಯ ಗ್ರಾಹಕರ ನಾಲ್ಕು ಮಾತು ಬರೆದುಕೊಂಡು ವಾಪಸಾಗುತ್ತೇವೆ. ಚಿಕ್ಕಬಳ್ಳಾಪುರ, ಕೋಲಾರದ ಗುಲಾಬಿ ಈರುಳ್ಳಿಯ ಕಥೆ ಹಾಗೆಯೇ ತಪ್ಪಿಹೋಗುತ್ತದೆ. ಭೌಗೋಳಿಕ ಸೂಚ್ಯಂಕ ಪಡೆದ ಈ ಪುಟ್ಟ ಗಡ್ಡೆಗೆ ಇಲ್ಲಿ ಗಿರಾಕಿಗಳು ಕಡಿಮೆ. ಅದು ಬೆಳೆಯುವುದೇ ಸಿಂಗಪುರ, ಮಲೇಷ್ಯಾ, ಶ್ರೀಲಂಕಾದ ಅಡುಗೆಮನೆಗಳಿಗಾಗಿ. ಅದನ್ನು ತಡೆದರೆ ದೆಹಲಿಯ ತಟ್ಟೆಗೆ ಏನೂ ಬೀಳುವುದಿಲ್ಲ, ಬೆಳೆದವನ ಗಡ್ಡೆ ಮಾತ್ರ ಮೊಳಕೆಯೊಡೆಯುತ್ತದೆ. ಇದು ಅಧಿಕಾರಿಗಳಿಗೆ ಗೊತ್ತಿರಲಿಲ್ಲ ಎಂದು ನಾವು ನಂಬುವುದಿಲ್ಲ. ರೈತರ ಒತ್ತಾಯದ ಮೇಲೆ ಅಕ್ಟೋಬರ್ ಕೊನೆಗೆ 9,000 ಟನ್‌ಗೆ ಅನುಮತಿ ಸಿಕ್ಕಿತು. ಅದೂ ಚೆನ್ನೈ ಬಂದರಿನಿಂದ ಮಾತ್ರ, ನವೆಂಬರ್ 30ರೊಳಗೆ.

2020ರ ಸೆಪ್ಟೆಂಬರ್‌ನಲ್ಲಿ ಮತ್ತೆ ನಿಷೇಧ, ಮತ್ತೆ ಮನವಿ, ಈ ಸಲ 10,000 ಟನ್. 2023ರ ಆಗಸ್ಟ್‌ನಲ್ಲಿ ಶೇ. 40 ರಫ್ತು ಸುಂಕ ಬಂತು. ಮುಂದಿನ ತಿಂಗಳು ಗುಲಾಬಿ ಈರುಳ್ಳಿಗೆ ವಿನಾಯಿತಿ ಕೊಟ್ಟರು. ಷರತ್ತು ಒಂದೇ: ಇದು ಗುಲಾಬಿ ಈರುಳ್ಳಿಯೇ ಹೌದು, ಇಷ್ಟೇ ಇದೆ ಎಂದು ರಾಜ್ಯದ ತೋಟಗಾರಿಕೆ ಆಯುಕ್ತರು ಪ್ರಮಾಣಪತ್ರ ಕೊಡಬೇಕು. ಡಿಸೆಂಬರ್‌ನಲ್ಲಿ ರಫ್ತನ್ನೇ ಪುನಃ ನಿಷೇಧಿಸಲಾಯಿತು.